ಬಾರ್ ಲೈಸೆನ್ಸ್‌ಗೆ ಅರ್ಜಿ ಹಾಕುವ ಮುಂಚೆ ಟೇಪ್ ಹಿಡಿಯಿರಿ

ದೀಪಾವಳಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಹೋಳಿಗೆ ತಟ್ಟೆ ಮುಂದಿಟ್ಟುಕೊಂಡೇ ವಿಷಯ ತೆಗೆದ.

"ಅಣ್ಣ, ನನಗೊಂದು ವೈನ್ ಶಾಪ್ ಲೈಸೆನ್ಸ್ ಮಾಡಿಸಿಕೊಡು. ಜಾಗ ನೋಡಿದೀನಿ. ಅಡ್ವಾನ್ಸೂ ಕೊಟ್ಟಾಯ್ತು."

ನನ್ನ ಕೆಲಸ ಹೋಟೆಲು, ಬಾರುಗಳ ಲೆಕ್ಕ ಬರೆಯುವುದು. ಹಾಗಾಗಿ ನೆಂಟರಿಗೆಲ್ಲ ನಾನು 'ಅಬಕಾರಿ ಗೊತ್ತಿರೋನು'. ಅವನ ಮಾತಿನಲ್ಲಿ ನನಗೆ ಕೇಳಿಸಿದ್ದು ಒಂದೇ ಪದ, ಅಡ್ವಾನ್ಸ್. ಎಷ್ಟು ಅಂದೆ. ಮೂರು ಲಕ್ಷ ಅಂದ. ನನ್ನ ಹೋಳಿಗೆ ಅಲ್ಲೇ ನಿಂತಿತು.

ಈ ವ್ಯಾಪಾರಕ್ಕೆ ಇಳಿಯುವ ಮುಕ್ಕಾಲು ಪಾಲು ಜನ ತಪ್ಪುವುದು ಇಲ್ಲೇ. ಮೊದಲು ಜಾಗ ಹಿಡಿಯುತ್ತಾರೆ, ಆಮೇಲೆ ಫಾರಂ ಹುಡುಕುತ್ತಾರೆ, ಕೊನೆಗೆ ನಿಯಮ ಕೇಳುತ್ತಾರೆ. ಕ್ರಮ ಪೂರ್ತಿ ತಿರುಗುಮುರುಗು. ಮದ್ಯದ ಲೈಸೆನ್ಸ್ ಮನುಷ್ಯನಿಗೆ ಕೊಡುವುದು ಅಂತ ನಾವು ಅಂದುಕೊಂಡಿದ್ದೇವೆ. ಹೆಸರೇನೋ ಮನುಷ್ಯನದೇ ಇರುತ್ತದೆ. ಆದರೆ ಅರ್ಧಕ್ಕಿಂತ ಜಾಸ್ತಿ ಪರೀಕ್ಷೆ ನಡೆಯುವುದು ಜಾಗಕ್ಕೆ. ನೀವು ಎಷ್ಟೇ ಒಳ್ಳೆಯವರಾಗಿರಿ, ಜಾಗ ಫೇಲಾದರೆ ನೀವೂ ಫೇಲು.

ಇದು ಹಕ್ಕಲ್ಲ, ಅಪ್ಪಣೆ

ಸರ್ಕಾರದ ಕನ್ನಡದಲ್ಲಿ ಲೈಸೆನ್ಸ್‌ಗೆ 'ಸನ್ನದು' ಅನ್ನುತ್ತಾರೆ. ಲೈಸೆನ್ಸ್ ಇರುವವನು ಸನ್ನದುದಾರ. ರಾಜರ ಕಾಲದ ಪದ. ಆದರೆ ಇಲ್ಲಿ ಅದೇ ಸರಿಯಾದ ಪದ ಅಂತ ನನಗೆ ಅನಿಸುತ್ತದೆ. ಸನ್ನದು ಅಂದರೆ ಅರಸ ಬರೆದುಕೊಟ್ಟ ಅಪ್ಪಣೆ. ಕೊಟ್ಟವನು ಹಿಂದಕ್ಕೂ ತಗೋಬಹುದು.

ಕಿರಾಣಿ ಅಂಗಡಿ ಇಡುವುದು ನಿಮ್ಮ ಹಕ್ಕು. ಮದ್ಯದಂಗಡಿ ಹಾಗಲ್ಲ. ಮದ್ಯ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ನಮ್ಮ ಬೆಂಗಳೂರಿನದೇ ಕಂಪನಿ ಹಾಕಿದ ಕೇಸಿನಲ್ಲಿ. ಖೋಡೇಸ್ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸು ಅದು. ರಾಜ್ಯ ಬೇಕಾದರೆ ಈ ವ್ಯಾಪಾರವನ್ನು ಪೂರ್ತಿ ನಿಲ್ಲಿಸಬಹುದು, ಬೇಕಾದರೆ ತಾನೇ ಇಟ್ಟುಕೊಳ್ಳಬಹುದು. ಖಾಸಗಿಯವರಿಗೆ ಬಿಟ್ಟುಕೊಟ್ಟರೆ ಮಾತ್ರ ಅರ್ಹರ ನಡುವೆ ಭೇದ ಮಾಡಬಾರದು.

ಸಂವಿಧಾನದಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ. ಅದಕ್ಕೇ ಗಡಿ ದಾಟಿದರೆ ಕಾನೂನು ಬದಲಾಗುತ್ತದೆ. ಬಿಹಾರದಲ್ಲಿ 2016ರಿಂದ ಪಾನನಿಷೇಧ. ಪಕ್ಕದ ತಮಿಳುನಾಡಿನಲ್ಲಿ ಅಂಗಡಿಗಳನ್ನು ನಡೆಸುವುದು ಸರ್ಕಾರದ ಟಾಸ್ಮ್ಯಾಕ್, ಖಾಸಗಿ ವೈನ್ ಶಾಪ್ ಅನ್ನುವ ಮಾತೇ ಇಲ್ಲ. ಕುಡಿಯುವ ಮದ್ಯ ಜಿಎಸ್‌ಟಿಯಿಂದಲೂ ಹೊರಗಿದೆ. ಹೊಸೂರಿನಲ್ಲೋ ಗೋವಾದಲ್ಲೋ ಇರುವ ಗೆಳೆಯ ಕೊಟ್ಟ ಸಲಹೆ ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಮೂಲ ಕಾನೂನು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಕೆಳಗೆ ಎರಡು ನಿಯಮಾವಳಿ ನಿಮಗೆ ಬೇಕು. ಒಂದು, 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು. ಜಾಗ ಹೇಗಿರಬೇಕು, ನೀವು ಹೇಗೆ ನಡೆದುಕೊಳ್ಳಬೇಕು ಅನ್ನುವುದು ಅದರಲ್ಲಿದೆ. ಇನ್ನೊಂದು, 1968ರ ಭಾರತೀಯ ಮತ್ತು ವಿದೇಶಿ ಮದ್ಯಗಳ ಮಾರಾಟ ನಿಯಮಗಳು. ಯಾವ ಯಾವ ಬಗೆಯ ಸನ್ನದು ಇವೆ ಅನ್ನುವುದು ಅದರಲ್ಲಿದೆ. ಎರಡನ್ನೂ ಒಂದು ಭಾನುವಾರ ಕೂತು ಓದಿ. ಬೇಜಾರಿನ ಓದು ನಿಜ. ಆದರೆ ಮೂರು ಲಕ್ಷಕ್ಕಿಂತ ಅಗ್ಗ.

ಸಿಎಲ್ ಅಂದರೆ ಯಾವ ಸಿಎಲ್?

ನಮ್ಮ ಹುಡುಗ 'ವೈನ್ ಶಾಪ್' ಅಂದ. ಕಚೇರಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅಲ್ಲಿ ಎಲ್ಲವೂ ಸಿಎಲ್ ನಂಬರು, ಅಂದರೆ ಸನ್ನದಿನ ಬಗೆ ಹೇಳುವ ನಂಬರು. ನಂಬರು ಗೊತ್ತಿಲ್ಲದೆ ಒಳಗೆ ಹೋದರೆ ಬಸ್ ನಂಬರ್ ಗೊತ್ತಿಲ್ಲದೆ ಮೆಜೆಸ್ಟಿಕ್‌ನಲ್ಲಿ ನಿಂತ ಹಾಗೆ.

ಸಿಎಲ್-2 ಅಂದರೆ ಚಿಲ್ಲರೆ ಅಂಗಡಿ. ಸೀಲು ಒಡೆಯದ ಬಾಟಲಿ ಕೊಡಬೇಕು, ಗಿರಾಕಿ ತೆಗೆದುಕೊಂಡು ಹೋಗಬೇಕು. ಅಲ್ಲೇ ನಿಂತು ಕುಡಿಯುವಂತಿಲ್ಲ. ಸಿಎಲ್-9 ಅಂದರೆ ಊರಲ್ಲಿ ನಾವು 'ಬಾರ್ ಅಂಡ್ ರೆಸ್ಟೋರೆಂಟ್' ಅನ್ನುವುದು. ಕೂತು ತಿಂದು ಕುಡಿಯುವ ಜಾಗ. ಸಿಎಲ್-7 ವಸತಿ ಇರುವ ಹೋಟೆಲಿಗೆ, ಅಂದರೆ ಲಾಡ್ಜ್ ಜೊತೆಗಿನ ಬಾರ್. ಸಿಎಲ್-6ಎ ಸ್ಟಾರ್ ಹೋಟೆಲಿಗೆ. ಸಿಎಲ್-4 ಕ್ಲಬ್ಬಿಗೆ, ಅದೂ ಸದಸ್ಯರಿಗಾಗಿ. ಸಿಎಲ್-5 ಒಂದು ದಿನದ ಸಮಾರಂಭಕ್ಕೆ. ಮದುವೆ ಆರತಕ್ಷತೆಯಲ್ಲಿ ಗುಂಡು ಇಡುವವರು ತಗೋಬೇಕಾದದ್ದು ಅದನ್ನೇ. ರಾಜ್ಯ ಸರ್ಕಾರದ ಕಂಪನಿಯಾದ ಎಂಎಸ್‌ಐಎಲ್ ಮಳಿಗೆಗಳದು ಸಿಎಲ್-11ಸಿ. ಪರಿಶಿಷ್ಟ ಜಾತಿ, ಪಂಗಡದವರ ಹೋಟೆಲುಗಳಿಗೆ ಸಿಎಲ್-7ಡಿ ಅಂತಲೇ ಇದೆ. ಬರೀ ಬಿಯರ್ ಮಾರುವವರಿಗೆ ಬೇರೆ ನಿಯಮ, ಅಲ್ಲೇ ಬಿಯರ್ ತಯಾರಿಸಿ ಮಾರುವ ಮೈಕ್ರೋಬ್ರೂವರಿಗೆ ಇನ್ನೂ ಬೇರೆ.

ಈ ನಂಬರುಗಳ ಬಿಸಿ ಇಡೀ ರಾಜ್ಯಕ್ಕೆ ಒಮ್ಮೆ ತಟ್ಟಿತ್ತು. ಲಾಕ್‌ಡೌನ್ ನಡುವೆ 2020ರ ಮೇ 4ರಂದು ಮದ್ಯದಂಗಡಿ ತೆರೆದಾಗ ಬೆಳಿಗ್ಗೆಯೇ ಕಿಲೋಮೀಟರ್‌ಗಟ್ಟಲೆ ಕ್ಯೂ ನಿಂತಿತ್ತಲ್ವಾ? ಅವತ್ತು ತೆರೆದದ್ದು ಸಿಎಲ್-2 ಮತ್ತು ಎಂಎಸ್‌ಐಎಲ್ ಮಳಿಗೆಗಳು ಮಾತ್ರ. ಪಕ್ಕದಲ್ಲೇ ಇದ್ದ ಸಿಎಲ್-9 ಬಾರಿನವನು ಒಳಗೆ ಅಷ್ಟೊಂದು ಸ್ಟಾಕು ಇಟ್ಟುಕೊಂಡು ಶಟರ್ ಎಳೆದು ಕೂತಿದ್ದ. ಪಾರ್ಸೆಲ್ ಮಾರುವುದು ಅವನ ಸನ್ನದಿನಲ್ಲಿ ಇಲ್ಲ. ಕೆಲವು ದಿನದ ನಂತರ ಸರ್ಕಾರ ಪ್ರತ್ಯೇಕ ಅನುಮತಿ ಕೊಟ್ಟ ಮೇಲೆಯೇ ಬಾರುಗಳು ಇದ್ದ ಸ್ಟಾಕನ್ನು ಎಂಆರ್‌ಪಿ ದರಕ್ಕೆ ಸೀಲು ಬಾಟಲಿಯಲ್ಲಿ ಮಾರಿದವು. ಮಾರುವ ಸರಕು ಒಂದೇ, ಅದನ್ನು ಸಗಟಾಗಿ ಕೊಡುವ ಸರ್ಕಾರಿ ನಿಗಮ ಒಂದೇ. ಬೇರೆ ಇದ್ದದ್ದು ನಂಬರು.

ತಮ್ಮನಿಗೆ ಮೊದಲ ಏಟು ಬಿದ್ದದ್ದು ಇಲ್ಲೇ. ಹೊಸ ಸಿಎಲ್-2, ಹೊಸ ಸಿಎಲ್-9 ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿದೆ. ಅವನು ಹುಟ್ಟಿದ್ದು ಅದರ ಮಾರನೇ ವರ್ಷ.

"ಹಂಗಾದ್ರೆ ಆ ಬೈಪಾಸ್ ಹತ್ರ ಹೊಸದಾಗಿ ಒಂದು ಶುರುವಾಗಿದೆಯಲ್ಲ?"

ಅಂಗಡಿ ಹೊಸದು, ಸನ್ನದು ಹಳೆಯದು. ಇದ್ದ ಸನ್ನದನ್ನೇ ಇನ್ನೊಬ್ಬರಿಂದ ವರ್ಗಾವಣೆ ಮಾಡಿಸಿಕೊಂಡು, ಇಲಾಖೆಯ ಒಪ್ಪಿಗೆಯಲ್ಲಿ ಬೇರೆ ಜಾಗಕ್ಕೆ ಸ್ಥಳಾಂತರ ಮಾಡುತ್ತಾರೆ. ಇದಕ್ಕೆ 1968ರ ನಿಯಮಗಳಲ್ಲೇ ದಾರಿ ಇದೆ. ಸನ್ನದುದಾರ ತೀರಿಕೊಂಡರೆ ಮನೆಯವರಿಗೆ ಬರುವುದಕ್ಕೆ 17ಎ ನಿಯಮ. ಹೊರಗಿನವರಿಗೆ ವರ್ಗ ಮಾಡುವುದಕ್ಕೆ 17ಬಿ. ಹೊಸದು ಸಿಗದ ಕಾರಣಕ್ಕೇ ಹಳೆಯದಕ್ಕೆ ಚಿನ್ನದ ಬೆಲೆ. ಸರ್ಕಾರಕ್ಕೆ ಕಟ್ಟುವ ಶುಲ್ಕ ಒಂದು, ಮಾರುವವನು ಕೇಳುವ ರೇಟು ಅದರ ಎಷ್ಟೋ ಪಟ್ಟು. ಹಂಚಿಕೆಯಾಗದೆ, ನಡೆಯದೆ ಉಳಿದಿರುವ ಸನ್ನದುಗಳನ್ನು ಇ-ಹರಾಜು ಹಾಕುವುದಾಗಿ 2025-26ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ವೈನ್ ಶಾಪೇ ಬೇಕು ಅನ್ನುವವರು ಆ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ. ಊರಲ್ಲಿ ಯಾರಾದರೂ ಬಂದು "ಲೈಸೆನ್ಸ್ ನನ್ನ ಹೆಸರಲ್ಲೇ ಇರ್ಲಿ, ನೀನು ನಡೆಸು, ತಿಂಗಳಿಗಿಷ್ಟು ಕೊಡು" ಅನ್ನುತ್ತಾರೆ. ಲೀಸ್ ಅಂತ ಅದಕ್ಕೆ ಹೆಸರು. ಅನುಮತಿಯಿಲ್ಲದೆ ಸನ್ನದನ್ನು ಒಳಗುತ್ತಿಗೆಗೆ ಕೊಟ್ಟರೆ ಅದನ್ನು ರದ್ದು ಮಾಡುವ ಅಧಿಕಾರ ಇಲಾಖೆಗಿದೆ. ರದ್ದಾದ ದಿನ ಸನ್ನದು ಹೋಗುವುದು ಅವನದು, ಬಂಡವಾಳ ಮುಳುಗುವುದು ನಿಮ್ಮದು. ಕೋರ್ಟಿಗೆ ಹೋದರೆ ತೋರಿಸುವುದಕ್ಕೆ ನಿಮ್ಮ ಹೆಸರಿನ ಒಂದು ಚೀಟಿಯೂ ಇರುವುದಿಲ್ಲ.

ಟೇಪಿನ ಕಥೆ

ತಮ್ಮ ಸುಮ್ಮನಾಗಲಿಲ್ಲ. ಅದೇ ಊರಿನಲ್ಲಿ ವಯಸ್ಸಾದ ಒಬ್ಬರು ತಮ್ಮ ಸಿಎಲ್-2 ಬಿಟ್ಟುಕೊಡುವುದಕ್ಕೆ ಮನಸ್ಸು ಮಾಡಿದ್ದಾರೆ ಅಂತ ಹುಡುಕಿಕೊಂಡು ಬಂದ. ಅದನ್ನು ತಾನು ಅಡ್ವಾನ್ಸ್ ಕೊಟ್ಟ ಜಾಗಕ್ಕೆ ತರುತ್ತೇನೆ ಅಂದ. ಜಾಗ ಹಳೇ ಅಕ್ಕಿ ಗಿರಣಿಯ ಮುಂಭಾಗ. ರಸ್ತೆಗೆ ಮುಖ, ಪಾರ್ಕಿಂಗಿಗೆ ಜಾಗ, ನೋಡುವುದಕ್ಕೆ ಚೆನ್ನಾಗೇ ಇತ್ತು. ಸ್ಥಳಾಂತರಕ್ಕೂ ಹೊಸ ಜಾಗ ನಿಯಮದಲ್ಲಿ ಪಾಸಾಗಬೇಕು. ನಾನು ಹೇಳಿದೆ, ಕಚೇರಿಗೆ ಹೋಗುವ ಮುಂಚೆ ನಾವೇ ಅಳೆಯೋಣ.

1967ರ ನಿಯಮಗಳಲ್ಲಿ ಐದನೆಯದು ಹೇಳುವುದು ಇಷ್ಟು. ಪೂಜಾಸ್ಥಳ, ಶಾಲೆ-ಕಾಲೇಜು, ಆಸ್ಪತ್ರೆ, ಕೇಂದ್ರ, ರಾಜ್ಯ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಕೊಡುವಂತಿಲ್ಲ. ರಾಜ್ಯ, ರಾಷ್ಟ್ರೀಯ ಹೆದ್ದಾರಿಯ ನಡುಮಧ್ಯದಿಂದ 220 ಮೀಟರ್ ಒಳಗೂ ಇಲ್ಲ. ಇದಕ್ಕೆ ಕೆಲವು ವಿನಾಯಿತಿಗಳೂ ಬಾಲಂಗೋಚಿಯ ಹಾಗೆ ಅಂಟಿಕೊಂಡಿವೆ. ನಿಮ್ಮ ಸಿಎಲ್ ನಂಬರಿಗೆ ಯಾವುದು ಸೇರುತ್ತದೆ ಅಂತ ಮೂಲದಲ್ಲೇ ಓದಿಕೊಳ್ಳಿ, ಯಾರದೋ ಬಾಯಿಮಾತು ನಂಬಬೇಡಿ.

ಸರಿ, 100 ಮೀಟರ್. ಆದರೆ ಎಲ್ಲಿಂದ ಎಲ್ಲಿಗೆ? ಜಗಳವೆಲ್ಲ ಇರುವುದು ಇದರಲ್ಲಿ. ಹಕ್ಕಿ ಹಾರುವ ದಾರಿಯಲ್ಲಿ ಅಳೆಯುವುದಿಲ್ಲ. ಮನುಷ್ಯ ಮಾಮೂಲಿಯಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ಅಂಗಡಿ ಬಾಗಿಲಿನ ನಡುಬಿಂದುವಿನಿಂದ ಹೊರಟು, ಶಾಲೆಗೋ ಗುಡಿಗೋ ಇರುವ ಅತಿ ಹತ್ತಿರದ ಗೇಟಿನ ನಡುಬಿಂದುವಿಗೆ ಮುಟ್ಟಬೇಕು. ಗೂಗಲ್ ಮ್ಯಾಪ್‌ನಲ್ಲಿ ಎರಡು ಚುಕ್ಕೆ ಇಟ್ಟು ಗೆರೆ ಎಳೆಯುವವರು ಇಲ್ಲೇ ಎಡವುತ್ತಾರೆ.

ಬೆಳಿಗ್ಗೆ ಆರೂವರೆಗೆ ಹೋದೆವು, ಜನ ನೆರೆಯುವ ಮುಂಚೆ. ಕಟ್ಟಡದ ಮೇಸ್ತ್ರಿಯ ಹತ್ತಿರ 30 ಮೀಟರಿನ ಬಟ್ಟೆ ಟೇಪು ತಂದಿದ್ದೆವು. ಗಿರಣಿ ಹಿಂದೆ ಸರ್ಕಾರಿ ಪ್ರಾಥಮಿಕ ಶಾಲೆ. ನೇರ ನೋಡಿದರೆ ಗೋಡೆ ಆಚೆಗೇ ಇದೆ. ಆದರೆ ಶಾಲೆಯ ಗೇಟು ಇನ್ನೊಂದು ಬೀದಿಗೆ. ಸುತ್ತಿಕೊಂಡು ಹೋಗಬೇಕು. ತಮ್ಮ ಶಟರ್ ನಡುವೆ ಟೇಪಿನ ತುದಿ ಹಿಡಿದು ಕೂತ, ನಾನು ಎಳೆದುಕೊಂಡು ಹೊರಟೆ. 30 ಆದಾಗೆಲ್ಲ ಸುಣ್ಣದ ಕಡ್ಡಿಯಲ್ಲಿ ಗೆರೆ. ಮೂಲೆಯ ಟೀ ಅಂಗಡಿ ದಾಟಿದೆವು, ಬೋರ್‌ವೆಲ್ ದಾಟಿದೆವು. ಶಾಲೆಯ ದೊಡ್ಡ ಗೇಟಿಗೆ ಮುಟ್ಟಿದಾಗ 131 ಮೀಟರ್. ತಮ್ಮನ ಮುಖ ಊರಗಲ.

ವಾಪಸ್ ಬರುವಾಗ ಕಾಂಪೌಂಡಿನ ಹಿಂಬದಿಯಲ್ಲಿ ಒಂದು ಸಣ್ಣ ಕಬ್ಬಿಣದ ಗೇಟು ಕಣ್ಣಿಗೆ ಬಿತ್ತು. ಬಿಸಿಯೂಟದ ಗ್ಯಾಸ್ ಸಿಲಿಂಡರ್ ಒಳಗೆ ತರುವುದಕ್ಕೆ ಇಟ್ಟಿದ್ದು. ಗೇಟಿನ ಮುಂದೆ ಹುಲ್ಲು ಸವೆದು ಕಾಲುದಾರಿ ಆಗಿತ್ತು. ಮಕ್ಕಳೂ ಅದರಲ್ಲೇ ನುಸುಳುತ್ತಾರೆ ಅಂತ ಟೀ ಅಂಗಡಿಯವರು ಹೇಳಿದರು. ಮತ್ತೆ ಟೇಪು ಎಳೆದೆವು. 84.

"ಆ ಗೇಟಿಗೆ ಬೀಗ ಹಾಕಿಸಿದ್ರೆ?" ಅಂದ ತಮ್ಮ.

ನಾನು ಉತ್ತರ ಕೊಡಲಿಲ್ಲ. ಟೇಪು ಸುತ್ತಿದೆ.

ಇಲಾಖೆಯ ಇನ್‌ಸ್ಪೆಕ್ಟರ್ ಸ್ಥಳ ಪರಿಶೀಲನೆಗೆ ಬಂದಾಗ ನೋಡುವುದೂ ಇದನ್ನೇ. ಅವರ ಕಣ್ಣು ತಪ್ಪಿದರೂ ಊರವರ ಕಣ್ಣು ತಪ್ಪುವುದಿಲ್ಲ. ಯಾರೋ ಒಬ್ಬರು ಹೈಕೋರ್ಟಿಗೆ ಹೋಗಿ ಆ ಗೇಟಿನ ಫೋಟೋ ಹಾಕಿದರೆ ಮುಗಿಯಿತು. ಅದಕ್ಕೇ ನಿಮ್ಮ ಜಾಗವನ್ನು ನಿಮ್ಮ ವಿರೋಧಿಯ ಕಣ್ಣಿಂದ ಅಳೆಯಿರಿ. ಹಿಂಬಾಗಿಲು, ಓಣಿ, ಗೋಡೆಯಲ್ಲಿ ಬಿದ್ದ ಸಂದಿ ಎಲ್ಲ ನೋಡಿ. ಒಂದೊಂದು ದೂರಕ್ಕೂ ಫೋಟೋ ತೆಗೆದು ದಿನಾಂಕ ಬರೆದಿಡಿ.

ಹೆದ್ದಾರಿ ವಿಷಯ ಸ್ವಲ್ಪ ಜಟಿಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಬೇಡ ಅಂತ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. 2017ರ ಮಾರ್ಚ್ ಕೊನೆಯಲ್ಲಿ ಅದನ್ನು ತಿದ್ದಿ, 20,000ಕ್ಕಿಂತ ಜಾಸ್ತಿ ಜನ ಇಲ್ಲದ ಊರುಗಳಿಗೆ 220 ಮೀಟರ್ ಅಂತ ಇಳಿಸಿತು. ಅದೇ ವರ್ಷ ಜುಲೈನಲ್ಲಿ, ನಗರ-ಪುರಸಭೆ ಮಿತಿಯೊಳಗಿನ ಅಂಗಡಿಗಳಿಗೆ ಈ ಆದೇಶ ಅಡ್ಡಿಯಲ್ಲ ಅಂತ ಸ್ಪಷ್ಟಪಡಿಸಿತು. 2018ರಲ್ಲಿ ಪಂಚಾಯಿತಿ ಪ್ರದೇಶದ ವಿಚಾರವನ್ನು ಆಯಾ ರಾಜ್ಯದ ವಿವೇಚನೆಗೆ ಬಿಟ್ಟಿತು. ಅಂದರೆ ನಿಮ್ಮ ಜಾಗ ಪುರಸಭೆ ಒಳಗೋ ಪಂಚಾಯಿತಿ ಒಳಗೋ ಅನ್ನುವುದೇ ದೊಡ್ಡ ಪ್ರಶ್ನೆ. ಊರ ಹೊರಗಿನ ಬೈಪಾಸಿನಲ್ಲಿ ಈ ಗೆರೆ ಎಲ್ಲಿ ಹಾಯುತ್ತದೆ ಅಂತ ಮನೆ ಮಾಲೀಕರಿಗೇ ಗೊತ್ತಿರುವುದಿಲ್ಲ. ಕಂದಾಯ ಯಾರಿಗೆ ಕಟ್ಟುತ್ತಿದ್ದಾರೆ ಅಂತ ರಸೀದಿ ನೋಡಿ, ತಿಳಿಯುತ್ತದೆ. ಲೋಕೋಪಯೋಗಿ ಇಲಾಖೆಯಲ್ಲಿ ಆ ರಸ್ತೆ ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯ ರಸ್ತೆಯೋ ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಕಾಗದದ ಕಂತೆ

ಗಿರಣಿಯ ಮಾಲೀಕರು ದೊಡ್ಡ ಮನಸ್ಸು ಮಾಡಿ ಅರ್ಧ ಅಡ್ವಾನ್ಸ್ ವಾಪಸ್ ಕೊಟ್ಟರು. ಎಲ್ಲರೂ ಹಾಗೆ ಕೊಡುವುದಿಲ್ಲ. ಬಾಡಿಗೆ ಕರಾರು ಮಾಡುವಾಗಲೇ "ಸನ್ನದು ಮಂಜೂರಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್" ಅಂತ ಒಂದು ಸಾಲು ಸೇರಿಸಿ. ಒಂದೇ ಸಾಲು. ಜೊತೆಗೆ, ಅಲ್ಲಿ ಮದ್ಯ ವ್ಯಾಪಾರ ಮಾಡುವುದಕ್ಕೆ ಮಾಲೀಕರ ಒಪ್ಪಿಗೆ ಛಾಪಾ ಕಾಗದದಲ್ಲಿ ಸ್ಪಷ್ಟವಾಗಿರಲಿ. 'ವಾಣಿಜ್ಯ ಉದ್ದೇಶ' ಅಂತ ಹಾರಿಸಿ ಬರೆದರೆ ಸಾಲದು. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿಯೂ ಬೇಕು. ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬಳು ಮುಂಬೈನಲ್ಲಿ ಇರುತ್ತಾರೆ. ಇದಕ್ಕೇ ಎರಡು ತಿಂಗಳು ಹೋದದ್ದನ್ನು ನಾನು ನೋಡಿದ್ದೇನೆ.

ಖಾತಾ, ಕಂದಾಯ ರಸೀದಿ, ಮಂಜೂರಾದ ಕಟ್ಟಡ ನಕ್ಷೆ, ಗುರುತಿನ ಚೀಟಿ, ಪ್ಯಾನ್, ಪಾಲುದಾರಿಕೆ ಇದ್ದರೆ ಅದರ ಪತ್ರ, ಬಾಕಿ ಇಲ್ಲವೆಂಬ ಪತ್ರ, ಕ್ರಿಮಿನಲ್ ಕೇಸು ಇಲ್ಲವೆಂದು ಪ್ರಮಾಣಪತ್ರ. ಇವೆಲ್ಲ ಮಾಮೂಲಿ. ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಮಂಜುನಾಥ, ಖಾತಾದಲ್ಲಿ ಮಂಜುನಾಥಯ್ಯ, ಪ್ಯಾನ್‌ನಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ. ನಾಲ್ವರೂ ಒಬ್ಬನೇ ಅಂತ ನಿಮಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಅರ್ಜಿಗೆ ಮುಂಚೆ ಎಲ್ಲ ಕಾಗದವನ್ನೂ ಮೇಜಿನ ಮೇಲೆ ಹರಡಿ, ಹೆಸರು ಮತ್ತು ವಿಳಾಸ ಎರಡನ್ನೇ ಬೆರಳಿಟ್ಟು ಓದಿ.

ಆಮೇಲೆ ನೀಲನಕ್ಷೆ. ಇದನ್ನು ಹಗುರವಾಗಿ ತಗೋಬೇಡಿ. ಸನ್ನದಿನ ಜಾಗಕ್ಕೆ ಚಕ್ಕುಬಂದಿ ಇರುತ್ತದೆ. ಪೂರ್ವಕ್ಕೇನು, ಪಶ್ಚಿಮಕ್ಕೇನು, ಒಳಗೆ ಎಷ್ಟು ಅಳತೆ, ಬಾಗಿಲು ಎಲ್ಲಿ, ಸ್ಟಾಕು ಎಲ್ಲಿಡುತ್ತೀರಿ, ಗಿರಾಕಿ ಎಲ್ಲಿ ಕೂರುತ್ತಾನೆ. ಅದರ ಹೊರಗೆ ಒಂದು ಪೆಗ್ ಕೊಟ್ಟರೂ ತಪ್ಪು. ತಾರಸಿ ಮೇಲೆ ನಾಲ್ಕು ಟೇಬಲ್ ಹಾಕಿದರು, ಅಂಗಳದಲ್ಲಿ ಛತ್ರಿ ನೆಟ್ಟರು, ಕೇಸು ಬಿತ್ತು. ಇಂಥ ಕಥೆ ಪ್ರತಿ ಊರಲ್ಲಿದೆ. ಮುಂದೆ ಏನೇನು ಬಳಸಬೇಕು ಅಂತ ಆಸೆಯಿದೆಯೋ ಅಷ್ಟನ್ನೂ ಈಗಲೇ ನಕ್ಷೆಗೆ ಸೇರಿಸಿ. ಅಷ್ಟಕ್ಕೂ ಕಟ್ಟಡದ ಅನುಮತಿ ಇದೆಯೋ ನೋಡಿ.

ಅಬಕಾರಿ ಒಂದೇ ಸಾಕು ಅಂದುಕೊಂಡರೆ ಅದೂ ತಪ್ಪು. ಊಟ ಕೊಡುವ ಬಾರಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಬೇಕು, ಊಟದ ಬಿಲ್ಲಿಗೆ ಜಿಎಸ್‌ಟಿ ಬೇಕು. ಬೆಂಗಳೂರಿನಲ್ಲಿ ಹಾಡು-ಕುಣಿತ ಇಡುವುದಾದರೆ 2005ರ ಮನರಂಜನಾ ಸ್ಥಳಗಳ ಆದೇಶದಂತೆ ಪೊಲೀಸ್ ಕಮಿಷನರ್ ಕಡೆಯಿಂದ ಬೇರೆಯೇ ಲೈಸೆನ್ಸ್. ಅಗ್ನಿಶಾಮಕದವರ ವಿಷಯಕ್ಕೆ ಬಂದರೆ ನಾನು ಸ್ವಲ್ಪ ನಿಷ್ಠುರ. 2018ರ ಜನವರಿಯಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರಿಗೆ ಬೆಳಗಿನ ಜಾವ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ಸತ್ತರು. ಬಾರಿನೊಳಗೆ ಸಪ್ಲೈಯರ್ ಹುಡುಗರನ್ನು ಮಲಗಿಸಿ ಹೊರಗಿನಿಂದ ಶಟರ್ ಎಳೆಯುವುದು ನಮ್ಮಲ್ಲಿ ಮಾಮೂಲಾಗಿತ್ತು. ನಕ್ಷೆ ಬರೆಸುವಾಗಲೇ ಎರಡನೇ ಬಾಗಿಲು ಇಡಿ. ಹುಡುಗರಿಗೆ ಬೇರೆ ರೂಮು ಮಾಡಿ. ಇದನ್ನು ಯಾವ ಇನ್‌ಸ್ಪೆಕ್ಟರ್ ಕೇಳದಿದ್ದರೂ ಮಾಡಿ.

ದುಡ್ಡಿನ ಲೆಕ್ಕ

ಸನ್ನದು ಶುಲ್ಕ ಊರಿನ ಜನಸಂಖ್ಯೆ ಮೇಲೆ, ಸಿಎಲ್ ನಂಬರಿನ ಮೇಲೆ ಬದಲಾಗುತ್ತದೆ. ಕಟ್ಟುವುದು ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆ ಖಜಾನೆ-2ರ ಚಲನ್ ಮೂಲಕ. ಯಾರಾದರೂ ಮಧ್ಯವರ್ತಿ "ಫೀಜು ನನ್ನ ಕೈಗೆ ಕೊಡಿ, ನಾನು ಕಟ್ಟಿಸ್ತೀನಿ" ಅಂದರೆ ಚಲನ್ ನಂಬರ್ ಕೇಳಿ. ಚಲನ್ ಇಲ್ಲದ ಫೀಜು ಫೀಜಲ್ಲ.

ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಂದರೆ ನವೀಕರಣದ ದುಡ್ಡು ಪ್ರತಿ ವರ್ಷ ಜೂನ್‌ನಲ್ಲಿ ಹೊಂದಿಸಬೇಕು. ಮಕ್ಕಳ ಸ್ಕೂಲ್ ಫೀಜು, ಬಿತ್ತನೆ ಖರ್ಚು ಎಲ್ಲ ಒಟ್ಟಿಗೇ ಬರುವ ತಿಂಗಳು ಅದು. ನಮ್ಮ ಗಿರಾಕಿಗಳಲ್ಲಿ ಬುದ್ಧಿವಂತರು ತಿಂಗಳಿಗಿಷ್ಟು ಅಂತ ಬೇರೆ ಖಾತೆಯಲ್ಲಿ ಎತ್ತಿಡುತ್ತಾರೆ. ಉಳಿದವರು ಜೂನ್ 25ಕ್ಕೆ ನನಗೆ ಫೋನ್ ಮಾಡುತ್ತಾರೆ.

ಸರಕು ಬರುವುದು ಒಂದೇ ಕಡೆಯಿಂದ. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಲಿದೆ. ನೀವು ಇಂಡೆಂಟ್, ಅಂದರೆ ಬೇಕಾದ ಸರಕಿನ ಪಟ್ಟಿ ಹಾಕಬೇಕು, ದುಡ್ಡು ಕಟ್ಟಬೇಕು, ಡಿಪೊದಿಂದ ಎತ್ತಿಕೊಂಡು ಬರಬೇಕು. ಕಿರಾಣಿ ಸಗಟುದಾರರ ಹಾಗೆ "ಮುಂದಿನ ವಾರ ಕೊಡ್ತೀನಿ ಸಾರ್" ಅನ್ನುವಂತಿಲ್ಲ. ಪ್ರತಿ ಬಾಟಲಿಗೂ ಅಬಕಾರಿ ಲೇಬಲ್ ಇರುತ್ತದೆ. ಲೇಬಲ್ ಇಲ್ಲದ ಒಂದು ಬಾಟಲಿ ನಿಮ್ಮ ಕಪಾಟಿನಲ್ಲಿ ಸಿಕ್ಕಿದರೂ ಉತ್ತರ ಕೊಡುವುದು ಕಷ್ಟ. ಗೋವಾಕ್ಕೆ ಹೋದ ಗೆಳೆಯ ತಂದುಕೊಟ್ಟದ್ದು ಅಂದರೆ ನಡೆಯುವುದಿಲ್ಲ. ಹಾಗಾಗಿ ಕಟ್ಟಡ, ಶುಲ್ಕ, ಪೀಠೋಪಕರಣ ಇಷ್ಟಕ್ಕೇ ಸಾಲ ಮಾಡಿ ಕೈ ಖಾಲಿ ಮಾಡಿಕೊಳ್ಳಬೇಡಿ. ಮೊದಲ ಮೂರು ತಿಂಗಳ ಇಂಡೆಂಟಿನ ದುಡ್ಡು ಪಕ್ಕಕ್ಕಿರಲಿ.

ವ್ಯಾಪಾರ ನಡೆಯದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಂಧಿ ಜಯಂತಿ ಎಲ್ಲರಿಗೂ ಗೊತ್ತು. ಚುನಾವಣೆ ಬಂದರೆ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಂದ್. ಗಣಪತಿ ಬಿಡುವಾಗ, ಊರಲ್ಲಿ ಗಲಾಟೆಯಾದಾಗ ಜಿಲ್ಲಾಧಿಕಾರಿ ಆದೇಶವೊಂದು ಬಂದು ಬೀಳುತ್ತದೆ. ಬಾಡಿಗೆ ಮಾತ್ರ ಅವತ್ತೂ ಓಡುತ್ತಿರುತ್ತದೆ.

ಬೀದಿಯವರ ಮಾತು

ಅರ್ಜಿ ವಲಯ ಕಚೇರಿಗೆ ಬರುತ್ತದೆ, ಸ್ಥಳ ಪರಿಶೀಲನೆಯಾಗುತ್ತದೆ, ವರದಿ ಅಬಕಾರಿ ಉಪ ಆಯುಕ್ತರಿಗೆ ಹೋಗುತ್ತದೆ. ಅಲ್ಲಿಂದ ಜಿಲ್ಲಾಧಿಕಾರಿ, ಅಬಕಾರಿ ಆಯುಕ್ತರು ಅಂತ ಕಡತ ಮೇಲಕ್ಕೆ ಏರುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದು ಆಕ್ಷೇಪಣೆ ಪತ್ರ ಕಡತವನ್ನು ಕೆಳಗೆ ಇಳಿಸಬಹುದು.

ಆಕ್ಷೇಪಣೆ ಮಾಡುವವರನ್ನು ಶತ್ರುಗಳು ಅಂತ ನೋಡುವುದು ನಮ್ಮ ವ್ಯಾಪಾರಿಗಳ ಚಾಳಿ. ನನಗೆ ಹಾಗನಿಸುವುದಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಬಿಸಿಲಲ್ಲಿ ಅಷ್ಟು ದೂರ ಸುಮ್ನೆ ಯಾರೂ ನಡೆಯುವುದಿಲ್ಲ. ಅಂಥದೇ ಒಬ್ಬ ತಾಯಿ ನಿಮ್ಮ ಬೀದಿಯಲ್ಲೂ ಇರುತ್ತಾರೆ. ಅರ್ಜಿಗೆ ಮುಂಚೆ ಹೋಗಿ ಮಾತಾಡಿ. ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಬಾಟಲಿ ಎಲ್ಲಿ ಬೀಳುತ್ತದೆ, ಹೊರಗೆ ನಿಂತು ಕುಡಿಯುವವರನ್ನು ಯಾರು ಓಡಿಸುತ್ತಾರೆ? ಮೂರಕ್ಕೂ ನಿಮ್ಮ ಹತ್ತಿರ ಉತ್ತರ ಇರಬೇಕು. ಇಲ್ಲದಿದ್ದರೆ ಆ ಬೀದಿ ಬೇಡ.

ವಯಸ್ಸಿನ ಪ್ರಶ್ನೆಗೂ ಸಿದ್ಧವಾಗಿರಿ. ಇದು ಸ್ವಲ್ಪ ತಮಾಷೆಯ ವಿಷಯ. ಕಾಯ್ದೆಯಲ್ಲಿ 18ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾರಬಾರದು ಅಂತಿದೆ, 1967ರ ನಿಯಮದಲ್ಲಿ 21 ಅಂತಿದೆ. 2023ರ ಜನವರಿಯಲ್ಲಿ ಇದನ್ನು 18ಕ್ಕೇ ತರುವ ಕರಡು ಬಂತು, ವಿರೋಧ ಬಂದ ಕೂಡಲೇ ವಾಪಸ್ ಹೋಯಿತು. ನೀವು ಹಿಡಿಯಬೇಕಾದ್ದು 21. ಮೀಸೆ ನೋಡಿ ವಯಸ್ಸು ಹೇಳುವ ಕ್ಯಾಷಿಯರ್ ಬೇಡ, ಗುರುತಿನ ಚೀಟಿ ಕೇಳುವವನು ಬೇಕು.

ತಮ್ಮ ಈಗ ವೈನ್ ಶಾಪ್ ಆಸೆ ಬಿಟ್ಟಿದ್ದಾನೆ. ಬಸ್ ಸ್ಟ್ಯಾಂಡ್ ಆಚೆ ಅವನ ಮಾವನದೇ ಒಂದು ಸೈಟಿದೆ, ಅಲ್ಲಿ ಲಾಡ್ಜ್ ಕಟ್ಟಿ ಸಿಎಲ್-7ಕ್ಕೆ ಹೋಗುವ ಯೋಚನೆ. ಊರಿನ ಜನಸಂಖ್ಯೆಗೆ ತಕ್ಕಂತೆ ಕನಿಷ್ಠ ಇಷ್ಟು ಡಬಲ್ ರೂಮು ಇರಬೇಕು ಅಂತ ನಿಯಮ. ರೂಮು ಕಾಗದದಲ್ಲಿದ್ದರೆ ಸಾಲದು. ಮಂಚ, ನೀರು, ಬಂದುಹೋದವರ ರಿಜಿಸ್ಟರ್ ಎಲ್ಲ ಇರಬೇಕು. ಬಾರಿಗಾಗಿ ಲಾಡ್ಜ್ ಕಟ್ಟುವವರು ಇದನ್ನು ಮರೆಯುತ್ತಾರೆ. ಬರೀ ರೂಮು ಬಾಡಿಗೆಯಿಂದಲೇ ಬ್ಯಾಂಕಿನ ಕಂತು ಹೋಗುತ್ತದೆಯೋ ಅಂತ ಮೊದಲು ಲೆಕ್ಕ ಹಾಕು ಅಂದೆ. ಹಾಕಿದ. ಹೋಗುವುದಿಲ್ಲ ಅಂತ ಬಂತು. ಒಂದು ಮಹಡಿ ಕಡಿಮೆ ಮಾಡಿ ಮತ್ತೆ ಹಾಕುತ್ತಿದ್ದಾನೆ.

ಮೊನ್ನೆ ರಾತ್ರಿ ಫೋನ್ ಮಾಡಿದ್ದ.

"ಅಣ್ಣ, ಸೈಟಿನ ಎದುರು ಒಂದು ನಾಗರಕಟ್ಟೆ ಇದೆ. ಅದು ದೇವಸ್ಥಾನದ ಲೆಕ್ಕಕ್ಕೆ ಬರುತ್ತಾ?"

ಎಷ್ಟು ದೂರ ಅಂದೆ.

"ಗೊತ್ತಿಲ್ಲ. ನಾಳೆ ಬೆಳಿಗ್ಗೆ ಟೇಪ್ ಹಾಕ್ತೀನಿ. ಅಳೆದಾದ ಮೇಲೆ ಬರಹದಲ್ಲಿ ಒಂದು ಅರ್ಜಿ ಕೊಟ್ಟು ವಲಯ ಕಚೇರಿಯಲ್ಲೇ ಕೇಳ್ತೀನಿ."

ಅಡ್ವಾನ್ಸ್ ಯಾರಿಗಾದರೂ ಕೊಟ್ಟಿದ್ದೀಯಾ ಅಂತ ಕೇಳಿದೆ. ಎಂಜಿನಿಯರಿಗೆ ಐದು ಸಾವಿರ, ನಕ್ಷೆಗೆ, ಅಂದ.